ತಕ್ಕಡಿ ಹಿಡಿದವರ ಷೇರುಗಳು

ಅಹಮದಾಬಾದ್, ವಡೋದರಾ, ಸೂರತ್ತಿಗೆ ಬಂದು ನೆಲೆಸಿದ ಕನ್ನಡಿಗರು ಇಲ್ಲಿನವರಿಂದ ಬೇಗ ಕಲಿಯುವ ವಿದ್ಯೆ ಎಂದರೆ ಷೇರಿನ ಮಾತು. ಚಹಾದ ಗಾಡಿಯ ಮುಂದೆ ನಿಂತವರ ಕೈಯಲ್ಲೂ ಡಿಮ್ಯಾಟ್ ಖಾತೆ ಇರುತ್ತದೆ. ಷೇರು ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಆ ಕಂಪನಿಯ ವ್ಯಾಜ್ಯವನ್ನೇ ತೀರ್ಮಾನಿಸುವ ಕುರ್ಚಿಯಲ್ಲಿ ಷೇರುದಾರ ಕೂತಿದ್ದರೆ?

2009ರಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲೇ ಎದ್ದಿತು. ಕೃಷ್ಣಾ-ಗೋದಾವರಿ ಕೊಳ್ಳದ ಅನಿಲಕ್ಕಾಗಿ ಅಂಬಾನಿ ಸಹೋದರರ ಕಂಪನಿಗಳ ಜಗಳ. ಪತ್ನಿಯ ಬಳಿ ರಿಲಯನ್ಸ್ ಷೇರುಗಳಿವೆ ಎಂದು ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಹಿಂದೆ ಸರಿದರು. ಮುಂದೆ ವಿಚಾರಣೆಗೆ ಕೂತ ಪೀಠದಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಇದ್ದರು. ಎರಡೂ ಕಡೆಯ ಷೇರುಗಳು ತಮ್ಮ ಬಳಿ ಇವೆ ಎಂದು ಮೊದಲೇ ಹೇಳಿದರು, ಯಾರೂ ಆಕ್ಷೇಪಿಸಲಿಲ್ಲ. ನವೆಂಬರಿನಲ್ಲಿ, ಮಗಳು ಕೆಲಸ ಮಾಡುವ ವಕೀಲರ ಸಂಸ್ಥೆ ಬೇರೊಂದು ವ್ಯವಹಾರದಲ್ಲಿ ಮುಕೇಶ್ ಅಂಬಾನಿಯವರ ಕಂಪನಿಗೆ ಸಲಹೆ ಕೊಡುತ್ತಿದೆ ಎಂದು ತಿಳಿದಾಗ, ವಿಚಾರಣೆಯ ನಡುವೆಯೇ ಪೀಠದಿಂದ ಹೊರಬಂದರು. ಅವರು ತಪ್ಪು ತೀರ್ಪು ಕೊಡುತ್ತಿದ್ದರು ಎಂದಲ್ಲ. ಸೋತವನಿಗೆ ಅನುಮಾನ ಉಳಿಯಬಾರದು, ಅಷ್ಟೇ.

ಇದು ಹಳೆಯ ತತ್ವ. ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಕಾಟನ್‌ಹ್ಯಾಮ್ ಕಾಲುವೆ ಕಂಪನಿಯೊಂದರ ಪರ ಆದೇಶ ಕೊಟ್ಟಿದ್ದರು. ಅವರಿಗೆ ಅದರಲ್ಲಿ ಷೇರು ಇತ್ತು ಎಂಬ ಒಂದೇ ಕಾರಣಕ್ಕೆ 1852ರಲ್ಲಿ ಆ ಆದೇಶ ಬಿದ್ದುಹೋಯಿತು.

ನಮ್ಮಲ್ಲಿ ನಿಯಮ ಏನು? 1997ರಲ್ಲಿ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳು ಸೇರಿ ಒಪ್ಪಿದ ನೀತಿಸಂಹಿತೆಯ ಪ್ರಕಾರ ನ್ಯಾಯಾಧೀಶರು ಷೇರಿನ ಸಟ್ಟಾ ಆಡುವಂತಿಲ್ಲ. ತಮ್ಮ ಷೇರು ಇರುವ ಕಂಪನಿಯ ಪ್ರಕರಣವನ್ನು, ಅದನ್ನು ಬಹಿರಂಗಪಡಿಸಿ, ಯಾರ ಆಕ್ಷೇಪವೂ ಇಲ್ಲದಿದ್ದರೆ ಮಾತ್ರ ಕೇಳಬಹುದು. ಐಎಎಸ್, ಐಪಿಎಸ್ ಅಧಿಕಾರಿಗಳಿಗೂ 1968ರ ನಡತೆ ನಿಯಮಗಳಲ್ಲಿ ಸಟ್ಟಾ ನಿಷಿದ್ಧ. ಪದೇ ಪದೇ ಕೊಂಡು ಮಾರಿದರೂ ಅದು ಸಟ್ಟಾವೇ. ವ್ಯತ್ಯಾಸ ಇಷ್ಟೇ: ಅಧಿಕಾರಿ ಪ್ರತಿವರ್ಷ ಸ್ಥಿರಾಸ್ತಿ ವಿವರ ಕೊಡಲೇಬೇಕು. ನ್ಯಾಯಮೂರ್ತಿಗಳದ್ದು ಬಹುಪಾಲು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು.

ಷೇರಿಗಿಂತ ಸೈಟಿನ ಆಸೆ ದೊಡ್ಡದು ಎನ್ನುವುದು ನಮ್ಮ ಊರಿನ ಕಥೆ. 2011ರಲ್ಲಿ ಕರ್ನಾಟಕದ ಲೋಕಾಯುಕ್ತರಾದ ನಿವೃತ್ತ ನ್ಯಾಯಮೂರ್ತಿ ಶಿವರಾಜ ಪಾಟೀಲರು, ಗೃಹ ನಿರ್ಮಾಣ ಸಂಘಗಳ ನಿವೇಶನದ ವಿವಾದ ಎದ್ದಾಗ, ತಪ್ಪು ಮಾಡಿಲ್ಲ ಎನ್ನುತ್ತಲೇ ಎರಡು ತಿಂಗಳು ತುಂಬುವ ಮೊದಲೇ ರಾಜೀನಾಮೆ ಕೊಟ್ಟರು. ಇಲ್ಲಿ ಅಹಮದಾಬಾದಿನಲ್ಲೂ 2015ರಲ್ಲಿ, ನ್ಯಾಯಮೂರ್ತಿಗಳಿಗೆ ಸಿಕ್ಕ ಸರ್ಕಾರಿ ನಿವೇಶನಗಳ ಬಗ್ಗೆ ಗುಜರಾತ್ ಹೈಕೋರ್ಟ್ ತನ್ನದೇ ಹಾಲಿ, ಮಾಜಿ ನ್ಯಾಯಮೂರ್ತಿಗಳಿಗೆ ನೋಟಿಸ್ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. ಸರ್ಕಾರವೇ ದೊಡ್ಡ ಕಕ್ಷಿದಾರನಾಗಿರುವಾಗ ಸರ್ಕಾರದಿಂದಲೇ ನಿವೇಶನ ಪಡೆಯಬಹುದೇ ಎಂಬ ಪ್ರಶ್ನೆಯಂತೂ ಉಳಿದಿದೆ.

ದಾರಿ ತೋರಿದವರಲ್ಲೂ ನಮ್ಮವರಿದ್ದಾರೆ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಡಿ.ವಿ. ಶೈಲೇಂದ್ರಕುಮಾರ್ 2009ರಲ್ಲಿ ಆಸ್ತಿ ಘೋಷಣೆಯ ಪರವಾಗಿ ಬಹಿರಂಗವಾಗಿ ಬರೆದರು. ಎಲ್ಲ ನ್ಯಾಯಮೂರ್ತಿಗಳ ಪರವಾಗಿ ಮುಖ್ಯ ನ್ಯಾಯಮೂರ್ತಿಯೊಬ್ಬರೇ ಮಾತಾಡುವುದನ್ನೂ ಪ್ರಶ್ನಿಸಿದರು. ಅದೇ ವರ್ಷ ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಆಸ್ತಿ ವಿವರ ಬಂತು. ಹೊಸ ನಿರ್ಧಾರದಂತೆ 2025ರ ಮೇ ತಿಂಗಳಲ್ಲಿ ಮತ್ತೆ ಪ್ರಕಟವಾಯಿತು. ಷೇರು, ಮ್ಯೂಚುವಲ್ ಫಂಡ್, ಮನೆ, ಚಿನ್ನ ಎಲ್ಲವನ್ನೂ ಯಾರು ಬೇಕಾದರೂ ಓದಬಹುದು.

ನಮ್ಮಂಥ ಐಟಿ ನೌಕರರು ಹಿತಾಸಕ್ತಿ ಘೋಷಣೆಯ ಫಾರಂ ತುಂಬುತ್ತೇವೆ. ನಿರ್ಬಂಧದ ದಿನಗಳಲ್ಲಿ ಸ್ವಂತ ಕಂಪನಿಯ ಷೇರನ್ನೂ ಮಾರುವಂತಿಲ್ಲ. ಯಾರೂ ಇದನ್ನು ಅವಮಾನ ಎಂದುಕೊಳ್ಳುವುದಿಲ್ಲ. ಗುಜರಾತ್ ಹೈಕೋರ್ಟ್ ದೇಶದಲ್ಲೇ ಮೊದಲು ತನ್ನ ಕಲಾಪವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದ ಹೈಕೋರ್ಟ್. ಕಲಾಪವನ್ನೇ ಜನರ ಮುಂದಿಟ್ಟ ಮೇಲೆ ಆಸ್ತಿಯ ವಿವರ ಇಡುವುದು ಕಷ್ಟವಲ್ಲ. ಎಲ್ಲ ಹೈಕೋರ್ಟುಗಳಲ್ಲೂ ಅದು ಇಚ್ಛೆಯ ಮಾತಾಗದೆ ನಿಯಮವಾಗಲಿ. ಪ್ರಾಮಾಣಿಕ ನ್ಯಾಯಾಧೀಶರಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ.