ಕ್ಯಾಪ್ಸೂಲಿಗೆ ಇಲ್ಲದ ಹಸಿರು ಚುಕ್ಕೆ

ಅಮ್ಮಮ್ಮನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಯಲ್ಲಾಪುರ ಪೇಟೆಯಿಂದ ಏನು ತಂದರೂ ಪೊಟ್ಟಣ ನನ್ನ ಕೈಗೆ ಬರುತ್ತದೆ. "ಇದ್ರಲ್ಲಿ ಎಂತೆಂತ ಇದ್ದು, ಓದಿ ಹೇಳೇ ಕೂಸೆ." ನಾನು ಹಸಿರು ಚುಕ್ಕೆ ನೋಡಿ "ಅಡ್ಡಿಲ್ಲೆ" ಎಂದುಬಿಡುತ್ತಿದ್ದೆ. ನಂದೊಳ್ಳಿಯ ನಮ್ಮ ಮನೆಯೊಳಗೆ ಮೊಟ್ಟೆ ಹಾಕಿದ ಕೇಕ್ ಕೂಡ ಬರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಅವಳಿಗೆ ಡಾಕ್ಟರು ವಿಟಮಿನ್ ಡಿ3 ಬರೆದರು. ಪಟ್ಟಿಯಲ್ಲಿ ಚುಕ್ಕೆ ಹುಡುಕಿದೆ, ಇರಲಿಲ್ಲ. ಹಸಿರು ಚುಕ್ಕೆ, ಕಂದು ತ್ರಿಕೋನ ಎಲ್ಲ ಆಹಾರದ ನಿಯಮ, ಔಷಧಿಗಲ್ಲ. ಬದಲಿಗೆ 'ಸಾಫ್ಟ್ ಜೆಲಟಿನ್ ಕ್ಯಾಪ್ಸೂಲ್' ಎಂದಿತ್ತು. ದನ, ಹಂದಿ, ಮೀನುಗಳ ಚರ್ಮ, ಮೂಳೆಯಿಂದ ತೆಗೆಯುವ ಅಂಟು ಜೆಲಟಿನ್. ಒಳಗಿನ ಡಿ3 ಸಾಮಾನ್ಯವಾಗಿ ತಯಾರಾಗುವುದು ಕುರಿ ಉಣ್ಣೆಯ ಜಿಡ್ಡಿನಿಂದ.

ಅಷ್ಟರಲ್ಲಿ ಅವಳು ಎರಡು ನುಂಗಿಯಾಗಿತ್ತು. ಹೇಳಿದರೆ ಔಷಧಿಯನ್ನೇ ಬಿಟ್ಟಾಳು ಎಂದು ನಾಲ್ಕು ದಿನ ಸುಮ್ಮನಿದ್ದೆ. ಆಮೇಲೆ ತಡೆಯಲಾಗಲಿಲ್ಲ.

"ಮೊದ್ಲೇ ಹೇಳಕ್ಕಾಗಿತ್ತು" ಎಂದಳು, ಅಷ್ಟೇ. ಆ ದಿನ ಮತ್ತೆ ಮಾತಾಡಲಿಲ್ಲ.

ಡಾಕ್ಟರನ್ನು ಕೇಳಿದ್ದಕ್ಕೆ ಅದೇ ವಿಟಮಿನ್ನಿನ ಕುಡಿಯುವ ಪುಟ್ಟ ಬಾಟಲಿ ಬರೆದುಕೊಟ್ಟರು. ಕೇಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಉಣ್ಣೆಯ ಬಗ್ಗೆ ಅಮ್ಮಮ್ಮನ ತಕರಾರಿಲ್ಲ. ಮಳೆಗಾಲವಿಡೀ ಕಂಬಳಿ ಹೊದೆಯುವವಳು.

ಅಂದಿನಿಂದ ಹಾಸ್ಟೆಲಿನಲ್ಲೂ ಪೊಟ್ಟಣ ತಿರುಗಿಸಿ ಓದುವ ಚಟ ಹತ್ತಿದೆ. ಹೊಳೆಯುವ ಚಾಕೊಲೇಟ್ ಗುಂಡುಗಳ ಮೆರುಗು 904 ಎಂದರೆ ಅರಗು, ಕೀಟ ಒಸರುವ ಅಂಟು. ಹಾಲು, ಜೇನಿನ ಹಾಗೆ ಅರಗಿಗೂ ನಿಯಮದಲ್ಲೇ ವಿನಾಯಿತಿ ಇರುವುದರಿಂದ ಹಸಿರು ಚುಕ್ಕೆಯ ಕೆಳಗೇ ಇರಬಹುದು. ಚಿಪ್ಸ್, ನೂಡಲ್ಸಿನ ರುಚಿಗೆ ಹಾಕುವ 631 ಮಾಂಸ, ಮೀನಿನಿಂದಲೂ ಬರುತ್ತದೆ, ಮರಗೆಣಸಿನ ಪಿಷ್ಟದಿಂದಲೂ. ನಂಬರ್ ನೋಡಿದರೆ ಯಾವುದೆಂದು ತಿಳಿಯದು. 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದೂ ಇದನ್ನೇ: ಆಹಾರದಲ್ಲಿ ಬಳಸಿದ ವಸ್ತು ಎಷ್ಟೇ ಕಡಿಮೆ ಇರಲಿ, ಬರೀ ಕೋಡ್ ಸಾಲದು, ಮೂಲ ಸಸ್ಯವೋ ಪ್ರಾಣಿಯೋ ತಿಳಿಸಬೇಕು.

ನನ್ನ ರೂಮಿನಲ್ಲಿ ಮೀನು ತಿನ್ನುವವಳಿದ್ದಾಳೆ, ಹಂದಿಯದ್ದು ಮಾತ್ರ ಬೇಡ ಎನ್ನುವವಳೂ ಇದ್ದಾಳೆ. ಈಗ ಮೂವರೂ ಸೇರಿ ಓದುತ್ತೇವೆ.

ಮೊನ್ನೆ ಊರಿಗೆ ಹೋದಾಗ ಅಮ್ಮಮ್ಮ ನನ್ನ ಲಿಪ್‌ಸ್ಟಿಕ್ ಎತ್ತಿ, ಇದನ್ನೂ ಓದು ಎಂದಳು. 'ಸಿಐ 75470' ಎಂದಿತ್ತು. ಕಳ್ಳಿಯ ಮೇಲೆ ಬದುಕುವ ಕೀಟವನ್ನು ಒಣಗಿಸಿ ತೆಗೆದ ಕೆಂಪು. ಈ ಸಲ ಕೂಡಲೇ ಹೇಳಿದೆ.