ಮಡಿದ ಸಿಪಾಯಿಯ ಹೆಸರೆಲ್ಲಿದೆ?

ನಮ್ಮ ದೇಶದ ಅನೇಕ ಹಳ್ಳಿಗಳಲ್ಲಿ ಒಂದು ಸಣ್ಣ ಕಲ್ಲಿನ ಫಲಕವನ್ನು ಇಂದಿಗೂ ಕಾಣಬಹುದು. ೧೯೧೪ರಿಂದ ೧೯೧೯ರವರೆಗಿನ ಮಹಾಯುದ್ಧಕ್ಕೆ ಈ ಗ್ರಾಮದಿಂದ ಇಷ್ಟು ಮಂದಿ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣವನ್ನರ್ಪಿಸಿದರು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಕೆತ್ತಿರುತ್ತದೆ. ಹೋದವರು ಯಾರು, ಮಡಿದವರು ಯಾರು ಎಂದು ಕೇಳಿದರೆ ಆ ಕಲ್ಲು ಉತ್ತರ ಕೊಡದು. ಲೆಕ್ಕವಿದೆ, ಹೆಸರಿಲ್ಲ. ನಮ್ಮ ಮುತ್ತಜ್ಜನು ದಂಡಿನಲ್ಲಿದ್ದನಂತೆ, ಕಡಲಾಚೆ ಹೋದವನು ತಿರುಗಿ ಬರಲಿಲ್ಲವಂತೆ ಎಂದು ಕೇಳುತ್ತ ಬೆಳೆದ ಮರಿಮಗನು ಆತನ ಬಾಳಿನ ಜಾಡನ್ನು ಅರಸಹೊರಟಾಗ ಮೊದಲು ಎದುರಾಗುವ ತೊಡಕು ಇದೇ.

ಆ ಯುದ್ಧದಲ್ಲಿ ೧೩ ಲಕ್ಷಕ್ಕೂ ಹೆಚ್ಚು ಭಾರತೀಯರು ಸೇವೆ ಸಲ್ಲಿಸಿದರು. ಸುಮಾರು ೭೪ ಸಾವಿರ ಮಂದಿ ಮಡಿದರು. ಫ್ರಾನ್ಸಿನ ನವ್ ಶಾಪೆಲ್‌ನಲ್ಲಿ ೧೯೨೭ರಲ್ಲಿ ಅನಾವರಣಗೊಂಡ ಸ್ಮಾರಕದ ಮೇಲೆ, ಗೋರಿಯ ಗುರುತಿಲ್ಲದೆ ಹೋದ ೪,೭೦೦ಕ್ಕೂ ಹೆಚ್ಚು ಭಾರತೀಯರ ಹೆಸರುಗಳನ್ನು ಕೆತ್ತಿದರು. ಅದು ಸರಿಯಾದ ಕಾರ್ಯವೇ. ಆದರೆ ಅತ್ಯಧಿಕ ಸಂಖ್ಯೆಯಲ್ಲಿ ನಮ್ಮವರು ಬಿದ್ದ ಮೆಸೊಪೊಟೇಮಿಯದಲ್ಲಿ ನಡೆದುದೇನು? ಬಸ್ರಾದಲ್ಲಿ ೧೯೨೯ರಲ್ಲಿ ಎದ್ದ ಸ್ಮಾರಕದಲ್ಲಿ ಬ್ರಿಟಿಷ್ ಯೋಧರಿಗೆ ಹೆಸರು ದೊರೆಯಿತು. ಭಾರತೀಯ ಅಧಿಕಾರಿಗಳಿಗೂ ದೊರೆಯಿತು. ಸಾಮಾನ್ಯ ಭಾರತೀಯ ಸಿಪಾಯಿಗೆ ಮಾತ್ರ ದಳವಾರು ಸಂಖ್ಯೆಯೇ ಗತಿಯಾಯಿತು. ಯುರೋಪಿನ ಕಣ್ಣಿಗೆ ಬೀಳುವಲ್ಲಿ ಮನುಷ್ಯನಾದವನು ಮರುಭೂಮಿಯಲ್ಲಿ ಅಂಕಿಯಾದನು.

ಇದು ನಮ್ಮ ಅಸಮಾಧಾನದ ಮಾತು ಮಾತ್ರವಲ್ಲ. ೧೯೧೭ರಲ್ಲಿ ಸ್ಥಾಪಿತವಾಗಿ ಈಗ ಕಾಮನ್‌ವೆಲ್ತ್ ಸಮರ ಸಮಾಧಿ ಆಯೋಗವೆಂದು ಕರೆಯಲ್ಪಡುವ ಸಂಸ್ಥೆಯೇ ನೇಮಿಸಿದ ಸಮಿತಿಯೊಂದು ೨೦೨೧ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಏಷ್ಯಾ ಮತ್ತು ಆಫ್ರಿಕಾ ಖಂಡಗಳ ೪೫ರಿಂದ ೫೪ ಸಾವಿರ ಮಂದಿ ಮೃತರ ಸ್ಮರಣೆಯಲ್ಲಿ ತಾರತಮ್ಯವಾಗಿದೆಯೆಂದೂ, ಕಡಿಮೆಯೆಂದರೆ ೧,೧೬,೦೦೦, ಪ್ರಾಯಶಃ ೩,೫೦,೦೦೦ ಮಂದಿಯನ್ನು ಹೆಸರಿಟ್ಟು ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲವೆಂದೂ ಅದು ಹೇಳಿತು. ಆಯೋಗವು ಕ್ಷಮೆ ಯಾಚಿಸಿತು. ನೂರು ವರ್ಷಗಳ ಮೇಲೆ ಬಂದ ಕ್ಷಮೆಯನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕಳೆದುಹೋದ ಹೆಸರನ್ನು ಕ್ಷಮೆಯೊಂದೇ ಮರಳಿಸಲಾರದು. ಅದು ಮನೆಯವರಿಂದ ಆಗಬೇಕಾದ ಕೆಲಸ.

ಆ ಕೆಲಸ ಅಸಾಧ್ಯವೇನೂ ಅಲ್ಲ. ಮೊದಲು ಮನೆಯ ಪೆಟ್ಟಿಗೆಯನ್ನು ಶೋಧಿಸಬೇಕು. ಯುದ್ಧಾನಂತರ ಸಿಪಾಯಿಗಳಿಗೆ ಕೊಟ್ಟ ಬೆಳ್ಳಿಯ ಪದಕದ ಅಂಚಿನಲ್ಲಿ ಆತನ ದಂಡಿನ ಸಂಖ್ಯೆ, ಪದವಿ, ಹೆಸರು, ದಳ ಇವೆಲ್ಲವನ್ನೂ ಕೊರೆದಿರುತ್ತಾರೆ. ಬೆಳ್ಳಿಯೆಂದು ಅದನ್ನು ಅಕ್ಕಸಾಲಿಗನ ಕುಲುಮೆಗೆ ಹಾಕಿದವರು ಮುತ್ತಜ್ಜನ ವಿಳಾಸವನ್ನೇ ಕರಗಿಸಿದಂತಾಯಿತು. ತರುವಾಯ ಆಯೋಗದ ಪಟ್ಟಿಯನ್ನು ನೋಡಬೇಕು. ಅದೀಗ ಯಾರೂ ಹುಡುಕಬಹುದಾದ ರೂಪದಲ್ಲಿದೆ. ಅಲ್ಲಿ ಅನೇಕರ ತಂದೆಯ ಹೆಸರೂ ಊರೂ ಜಿಲ್ಲೆಯೂ ದೊರೆಯುತ್ತವೆ. ಆದರೆ ಆ ಹೆಸರುಗಳು ಇಂಗ್ಲಿಷ್ ದಫ್ತರದ ಬರವಣಿಗೆಯಲ್ಲಿವೆಯೆಂಬುದನ್ನು ಮರೆಯಬಾರದು. ಬೆಳಗಾವಿಯು ಅಲ್ಲಿ ‘ಬೆಲ್ಗಾಮ್’, ಧಾರವಾಡವು ‘ಧಾರವಾರ್’. ಒಂದೇ ಹೆಸರನ್ನು ನಾಲ್ಕಾರು ಬಗೆಯಾಗಿ ಬರೆದು ಹುಡುಕಬೇಕು. ಒಂದೇ ಹೆಸರಿನವರು ಹಲವರಿರುವಲ್ಲಿ ತಂದೆಯ ಹೆಸರೂ ದಂಡಿನ ಸಂಖ್ಯೆಯೂ ಆಧಾರ. ದಳವು ತಿಳಿದ ಬಳಿಕ ಅದರ ಯುದ್ಧದ ದಿನಚರಿಯನ್ನು ಓದಿ, ಆತನು ಮಡಿದ ದಿನ ಆ ದಳವು ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬುದನ್ನು ತಿಳಿಯಬಹುದು. ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಈ ದಿನಚರಿಗಳಿವೆ.

ಪಂಜಾಬದ ಉದಾಹರಣೆಯು ನಮಗೆ ಪಾಠವಾಗಬೇಕು. ಅಲ್ಲಿಯ ಸರ್ಕಾರವು ಯುದ್ಧಾನಂತರ ಊರೂರಿನ ಸಿಪಾಯಿಗಳ ವಿವರವನ್ನು ಬರೆಸಿತ್ತು. ೩,೨೦,೦೦೦ ಮಂದಿಯ ಆ ದಾಖಲೆಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಬಹುಕಾಲ ಯಾರ ಗಮನಕ್ಕೂ ಬಾರದೆ ಇದ್ದವು. ೨೦೨೧ರಲ್ಲಿ ಅವು ಬೆಳಕಿಗೆ ಬರತೊಡಗಿದೊಡನೆ, ಸಾಗರದಾಚೆ ನೆಲಸಿದ ಪಂಜಾಬಿಗಳು ಸಹ ತಮ್ಮ ಹಳ್ಳಿಯ ಪುಟವನ್ನು ತೆರೆದು ಅಜ್ಜಂದಿರ ಹೆಸರನ್ನು ಅರಸಿದರು.

ಕನ್ನಡಿಗರಿಗೂ ಈ ಋಣವುಂಟು. ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆಯ ದಳವು ೧೯೧೪ರಲ್ಲಿ ಈಜಿಪ್ಟಿಗೆ ತೆರಳಿ ಸೂಯೆಜ್ ಕಾಲುವೆಯನ್ನು ಕಾಯಿತು. ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದ ಸವಾರರೊಡನೆ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದಿತು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಬೆಂಗಳೂರಿನ ಜೆ. ಸಿ. ನಗರದಲ್ಲಿಯೂ ಈ ದಳದ ಸ್ಮಾರಕವಿದೆ. ಪ್ರತಿಮೆಯನ್ನು ನೋಡಿ ಹೆಮ್ಮೆಪಡುವ ನಾವು, ಆ ಕುದುರೆಯ ಮೇಲೆ ಕುಳಿತವನು ಯಾವ ತಾಯಿಯ ಮಗನೆಂದು ಕೇಳಿದ್ದೇವೆಯೇ?

ಪರರಾಜನ ಯುದ್ಧದಲ್ಲಿ ಸಂಬಳಕ್ಕಾಗಿ ಮಡಿದವನನ್ನು ಸ್ವತಂತ್ರ ದೇಶವು ಏಕೆ ನೆನೆಯಬೇಕೆಂದು ಕೆಲವರು ಕೇಳುವುದುಂಟು. ನಮ್ಮ ಹೋರಾಟವು ಸಾಮ್ರಾಜ್ಯದೊಡನೆ. ಅದಕ್ಕೆ ಸಿಕ್ಕಿಬಿದ್ದ ರೈತನ ಮಗನೊಡನೆ ಅಲ್ಲ. ಸಾಲವೋ ಬರಗಾಲವೋ ಮನೆತನದ ರೂಢಿಯೋ ಆತನನ್ನು ದಂಡಿಗೆ ಸೇರಿಸಿರಬಹುದು. ಆತನನ್ನು ವೀರನೆಂದು ಹಾಡಿ ಹೊಗಳಬೇಕೆಂದು ನಾವು ಹೇಳುತ್ತಿಲ್ಲ. ಆತನನ್ನು ಅಂಕಿಯಾಗಿ ಕಂಡವರು ಸಾಮ್ರಾಜ್ಯದವರು. ನಾವೂ ಆತನನ್ನು ಹಾಗೆಯೇ ಬಿಟ್ಟರೆ ಅವರ ತೀರ್ಪಿಗೆ ನಾವೇ ರುಜು ಹಾಕಿದಂತಾಗುವುದು.

ಮನೆಯ ಹಿರಿಯರು ಬದುಕಿರುವಾಗಲೇ ಅವರನ್ನು ಕೇಳಿ, ಮಡಿದವನ ಹೆಸರು, ತಂದೆಯ ಹೆಸರು, ಊರು, ದಳ ಈ ನಾಲ್ಕನ್ನು ಪ್ರತಿಯೊಂದು ಮನೆಯವರೂ ಬರೆದಿಡಲಿ. ಪಂಚಾಯತಿಗಳು ಅದನ್ನು ಒಟ್ಟುಗೂಡಿಸಲಿ. ಲೆಕ್ಕ ಮಾತ್ರವಿರುವ ಕಲ್ಲಿನ ಪಕ್ಕದಲ್ಲಿ ಹೆಸರಿರುವ ಇನ್ನೊಂದು ಕಲ್ಲನ್ನು ಕನ್ನಡದಲ್ಲಿ ನಿಲ್ಲಿಸುವುದು ಯಾವ ಗ್ರಾಮಕ್ಕೂ ಶಕ್ತಿಮೀರಿದ ವೆಚ್ಚವಲ್ಲ.