ಕೈಸನ್ನೆಯ ವಿದ್ಯೆ: ಕಾಯರ್, ಆರ್ಕೆಸ್ಟ್ರಾ ನಡೆಸಲು ಕಲಿಯುವುದು

ಪಾಶ್ಚಾತ್ಯ ಸಂಗೀತದಲ್ಲಿ ಕಾಯರ್ ಅಥವಾ ಆರ್ಕೆಸ್ಟ್ರಾದ ಮುಂದೆ ನಿಂತು ಅದನ್ನು ನಡೆಸುವ ಕಂಡಕ್ಟರ್ ಸ್ವತಃ ಒಂದು ಸ್ವರವನ್ನೂ ಹಾಡುವುದಿಲ್ಲ, ನುಡಿಸುವುದಿಲ್ಲ. ಎಂಬತ್ತು, ನೂರು ಮಂದಿ ಯಾವಾಗ ಆರಂಭಿಸಬೇಕು, ಎಷ್ಟು ವೇಗದಲ್ಲಿ ಹೋಗಬೇಕು, ಎಲ್ಲಿ ದನಿ ಏರಬೇಕು, ಯಾರು ಮುಂದೆ ಬಂದು ಯಾರು ಹಿಂದೆ ಸರಿಯಬೇಕು ಎಂಬುದನ್ನೆಲ್ಲ ಕೈ, ಕಣ್ಣು, ಉಸಿರುಗಳಿಂದಲೇ ತಿಳಿಸುತ್ತಾರೆ. ಯುರೋಪು, ಅಮೆರಿಕಗಳಲ್ಲಿ ಇದನ್ನು ಕಲಿಸುವ ಪದವಿ, ಸ್ನಾತಕೋತ್ತರ ಪದವಿ, ಡಾಕ್ಟರೇಟ್‌ಗಳಿವೆ. ಈ ಕಲಿಕೆಗೆ ಬೇರೆ ಯಾವ ಸಂಗೀತ ವಿದ್ಯೆಗೂ ಇಲ್ಲದ ತೊಡಕೊಂದಿದೆ. ಪಿಟೀಲು ಕಲಿಯುವವರು ಕೋಣೆಯ ಬಾಗಿಲು ಹಾಕಿಕೊಂಡು ದಿನಕ್ಕೆ ಐದು ಗಂಟೆ ಸಾಧನೆ ಮಾಡಬಹುದು. ಕಂಡಕ್ಟಿಂಗ್ ಕಲಿಯುವವರಿಗೆ ವಾದ್ಯವೆಂದರೆ ಇತರ ಮನುಷ್ಯರು. ಅವರೆಲ್ಲ ಒಂದೆಡೆ ಸೇರಿದಾಗ ಮಾತ್ರ ಅಭ್ಯಾಸ ಸಾಧ್ಯ. ಅಷ್ಟು ಜನರನ್ನು ವಿದ್ಯಾರ್ಥಿಯೊಬ್ಬರ ಮುಂದೆ ವಾರವಾರವೂ ಕೂರಿಸುವ ಶಕ್ತಿ ಸಂಗೀತ ಶಾಲೆ, ವಿಶ್ವವಿದ್ಯಾಲಯಗಳನ್ನು ಬಿಟ್ಟರೆ ಬೇರೆ ಯಾರಿಗೂ ಇಲ್ಲ ಎನ್ನಬೇಕು.

ಕಂಡಕ್ಟರ್ ಎಂಬ ಪ್ರತ್ಯೇಕ ವೃತ್ತಿ ತೀರಾ ಹಳೆಯದಲ್ಲ. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿದ್ದ ಸಂಗೀತಗಾರ ಲುಲ್ಲಿ ಉದ್ದನೆಯ ಕೋಲನ್ನು ನೆಲಕ್ಕೆ ಕುಟ್ಟಿ ತಾಳ ಹಾಕುತ್ತಿದ್ದ. ಆ ಕೋಲು ಕಾಲಿಗೆ ಬಡಿದು, ಗಾಯ ಕೊಳೆತು, 1687ರಲ್ಲಿ ತೀರಿಕೊಂಡ. ಹದಿನೆಂಟನೇ ಶತಮಾನದಲ್ಲಿ ಪಿಟೀಲಿನ ಮುಖ್ಯ ವಾದಕರೋ ಹಾರ್ಪ್ಸಿಕಾರ್ಡ್ ನುಡಿಸುವವರೋ ಕೂತಲ್ಲಿಂದಲೇ ಮೇಳವನ್ನು ನಡೆಸುತ್ತಿದ್ದರು. ವಾದ್ಯಗಳ ಸಂಖ್ಯೆ ಬೆಳೆದು, ಕೃತಿಗಳು ಜಟಿಲವಾದ ಮೇಲೆ ನುಡಿಸುವ ಕೆಲಸದಿಂದ ಬಿಡುವು ಪಡೆದ ಒಬ್ಬರು ಮುಂದೆ ನಿಲ್ಲುವುದು ಅನಿವಾರ್ಯವಾಯಿತು. 1835ರಿಂದ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ನಡೆಸಿದ ಮೆಂಡೆಲ್ಸನ್ 1843ರಲ್ಲಿ ಅದೇ ಊರಿನಲ್ಲಿ ಸಂಗೀತ ಶಾಲೆಯನ್ನೂ ಸ್ಥಾಪಿಸಿದರು. ಸಂಗೀತ ರಚನಕಾರರಾದ ಬರ್ಲಿಯೋಜ್ 1850ರ ದಶಕದಲ್ಲಿ, ವಾಗ್ನರ್ 1869ರಲ್ಲಿ ಈ ಕಲೆಯ ಬಗ್ಗೆ ಬರೆದರು. ಆದರೂ ಬಹಳ ಕಾಲ ಇದು ತರಗತಿಯಲ್ಲಿ ಕಲಿಯುವ ವಿದ್ಯೆಯಾಗಿರಲಿಲ್ಲ. ಜರ್ಮನಿಯ ಒಪೆರಾ ಮನೆಗಳಲ್ಲಿ ಗಾಯಕರಿಗೆ ಪಾಠ ಹೇಳಿಕೊಡುವ ಪಿಯಾನೋ ವಾದಕರಾಗಿ ಸೇರಿ, ವರ್ಷಗಟ್ಟಲೆ ದುಡಿದು, ಒಂದು ದಿನ ಕಂಡಕ್ಟರ್‌ನ ಸಣ್ಣ ಕೋಲು ಹಿಡಿಯುವ ಅವಕಾಶ ಪಡೆಯುವುದೇ ವಾಡಿಕೆಯ ದಾರಿಯಾಗಿತ್ತು.

ತರಗತಿಯಲ್ಲಿ ಮೊದಲು ಕಲಿಸುವುದು ಕೈಯ ವಿನ್ಯಾಸಗಳನ್ನು. ಎರಡರ ಎಣಿಕೆಗೆ ಕೆಳಗೆ, ಮೇಲೆ; ಮೂರಕ್ಕೆ ಕೆಳಗೆ, ಬಲಕ್ಕೆ, ಮೇಲೆ; ನಾಲ್ಕಕ್ಕೆ ಕೆಳಗೆ, ಎಡಕ್ಕೆ, ಬಲಕ್ಕೆ, ಮೇಲೆ. ಇದನ್ನು ಕನ್ನಡಿಯ ಮುಂದೆ ಕೆಲವು ವಾರಗಳಲ್ಲಿ ರೂಢಿ ಮಾಡಿಕೊಳ್ಳಬಹುದು. ಕರ್ನಾಟಕ ಸಂಗೀತ ಬಲ್ಲವರಿಗೆ ಕೈಯಲ್ಲಿ ತಾಳ ಹಾಕುವುದು ಹೊಸದೇನಲ್ಲ. ಆದಿತಾಳದ ಎಂಟು ಎಣಿಕೆಗಳನ್ನು ಪೆಟ್ಟು, ಬೆರಳೆಣಿಕೆ, ಹುಸಿಗಳಲ್ಲಿ ಗಾಯಕರೂ ಹಾಕುತ್ತಾರೆ, ಸಭೆಯಲ್ಲಿ ಕೂತವರೂ ಹಾಕುತ್ತಾರೆ. ಅಲ್ಲಿ ಕೈ ಮತ್ತು ನಾದ ಜೊತೆಜೊತೆಗೆ ಸಾಗುತ್ತವೆ. ಕಂಡಕ್ಟರ್‌ನ ಕೈ ನಾದಕ್ಕಿಂತ ಮುಂದಿರಬೇಕು. ಏನು ಬರಲಿದೆ ಎಂಬುದನ್ನು ಅದು ಬರುವ ಮೊದಲೇ ತೋರಿಸಬೇಕು. ಈ ಮುನ್ಸೂಚನೆಯ ಚಲನೆಯಲ್ಲೇ, ಅಂದರೆ ಮೊದಲ ಸ್ವರಕ್ಕಿಂತ ಒಂದು ಎಣಿಕೆ ಮುಂಚೆ ಕೈ ಮೇಲೇಳುವ ರೀತಿಯಲ್ಲೇ, ವೇಗ, ಗಟ್ಟಿತನ, ಭಾವ ಮೂರೂ ಅಡಗಿರಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಬೀಥೋವನ್‌ನ ಐದನೇ ಸಿಂಫೊನಿಯ ಆರಂಭ ಇದಕ್ಕೆ ಒಳ್ಳೆಯ ಉದಾಹರಣೆ. 1808ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಲಾದ ಈ ಕೃತಿಯ ಮೊದಲ ನಾಲ್ಕು ಸ್ವರಗಳನ್ನು ಕೇಳದವರು ಕಡಿಮೆ: ಮೂರು ಚಿಕ್ಕವು, ಒಂದು ದೀರ್ಘ. ಕಿವಿಗೆ ಇಷ್ಟು ಸರಳವಾಗಿ ಕೇಳುವ ಇದು ನಡೆಸುವವರಿಗೆ ಕಷ್ಟದ ಪರೀಕ್ಷೆ. ಬರಹದಲ್ಲಿ ಮೊದಲು ಇರುವುದು ಸ್ವರವಲ್ಲ, ಅರ್ಧ ಎಣಿಕೆಯ ಮೌನ. ಕೈ ಕೆಳಗಿಳಿದ ಕ್ಷಣದಲ್ಲಿ ಯಾರೂ ನುಡಿಸಬಾರದು. ಅದು ತಾಗಿ ಚಿಮ್ಮಿದ ಮೇಲೆ ತಂತಿವಾದ್ಯದವರೂ ಇಬ್ಬರು ಕ್ಲಾರಿನೆಟ್ ವಾದಕರೂ ಒಟ್ಟಾಗಿ ಮೂರು ಚಿಕ್ಕ ಸ್ವರಗಳನ್ನು ಹಾರಿಸಬೇಕು, ನಾಲ್ಕನೆಯದನ್ನು ಕಂಡಕ್ಟರ್ ಬಿಡಿಸುವ ತನಕ ಹಿಡಿದು ನಿಲ್ಲಬೇಕು. ವಿದ್ಯಾರ್ಥಿಯ ಕೈ ಮೇಲೇಳುವಾಗ ಸ್ವಲ್ಪ ಅನುಮಾನಿಸಿದರೂ ಪಿಟೀಲಿನವರು ಒಂದು ಕಡೆ, ಚೆಲ್ಲೋದವರು ಇನ್ನೊಂದು ಕಡೆ ಬೀಳುತ್ತಾರೆ. ಗಾಬರಿಯಿಂದ ಒಂದು, ಎರಡು ಎಂದು ಎಣಿಸಿ ಹೊರಟರೆ ಸದ್ದು ಸರಿಯಾಗಿ ಬರಬಹುದು, ಆದರೆ ಆ ಸಿಡಿಲಿನ ಗುಣ ಹೋಗಿಬಿಡುತ್ತದೆ. ಐದು ಸೆಕೆಂಡಿನ ಈ ಭಾಗದ ಮೇಲೆ ಒಂದು ಪೂರ್ತಿ ತರಗತಿ ಕಳೆದರೂ ಅದು ದಂಡವಲ್ಲ.

ಬಲಗೈ ಲಯವನ್ನು ಹಿಡಿದಿದ್ದರೆ ಎಡಗೈ ಏರಿಳಿತಗಳನ್ನು ತೋರಿಸುತ್ತದೆ, ಬಹಳ ಹೊತ್ತಿನಿಂದ ಸುಮ್ಮನಿದ್ದವರಿಗೆ ಅವರ ಸರದಿ ಬಂತೆಂದು ಸೂಚಿಸುತ್ತದೆ. ಎರಡು ಕೈಗಳೂ ಒಂದನ್ನೊಂದು ನಕಲು ಮಾಡುವುದು ಮೊದಲ ವರ್ಷದವರ ಸಾಮಾನ್ಯ ದೋಷ. ಅದನ್ನು ಬಿಡಿಸಲು ಬೇಕಾಗುವ ಸಮಯ ವಿನ್ಯಾಸಗಳನ್ನು ಕಲಿಸುವ ಸಮಯಕ್ಕಿಂತ ಹೆಚ್ಚು.

ಇಷ್ಟೆಲ್ಲ ಆದರೂ ಕೈಗೆ ಸಂಬಂಧಿಸಿದ್ದು ಓದಿನ ಸಣ್ಣ ಭಾಗ. ಹೆಚ್ಚಿನ ದುಡಿಮೆ ಮೇಜಿನ ಮುಂದೆ, ಸ್ಕೋರ್ ಎಂಬ ದೊಡ್ಡ ಪುಸ್ತಕದ ಜೊತೆ. ಪ್ರತಿ ವಾದಕರ ಮುಂದೆ ಅವರವರ ಸಾಲು ಮಾತ್ರ ಇರುತ್ತದೆ. ಎಲ್ಲರ ಸಾಲುಗಳೂ ಒಂದರ ಕೆಳಗೊಂದು ಬರುವುದು ಕಂಡಕ್ಟರ್‌ನ ಪುಟದಲ್ಲಿ ಮಾತ್ರ. ಕೊಳಲು ಮೇಲೆ, ಡಬಲ್ ಬಾಸ್ ತಳದಲ್ಲಿ, ನಡುವೆ ಹತ್ತಾರು ಸಾಲು. ಬರೆದ ಸ್ವರವೇ ಕೇಳಿಬರುತ್ತದೆ ಎನ್ನುವಂತೆಯೂ ಇಲ್ಲ. ಬಿ-ಫ್ಲ್ಯಾಟ್ ಕ್ಲಾರಿನೆಟ್‌ಗೆ ಬರೆದದ್ದು ಒಂದು ಪೂರ್ಣ ಸ್ವರದಷ್ಟು ಕೆಳಗೆ ಕೇಳುತ್ತದೆ, ಎಫ್ ಹಾರ್ನ್‌ಗೆ ಬರೆದ ‘ಪ’ ಸ್ಥಾನದ ಸ್ವರ ‘ಸ’ ಸ್ಥಾನದಲ್ಲಿ ಕೇಳುತ್ತದೆ, ವಿಯೋಲಾಗೆ ಬೇರೆಯದೇ ಸ್ವರಸೂಚಿ. ಇವನ್ನೆಲ್ಲ ಒಮ್ಮೆಗೇ ಓದಿ ಪಿಯಾನೋದ ಮೇಲೆ ನುಡಿಸಿ ತೋರಿಸುವುದು ಬಹುತೇಕ ಕಡೆ ಪರೀಕ್ಷೆಯ ವಿಷಯ. ಜೊತೆಗೆ ಸ್ವರಸಂಗತಿ, ರಚನಾ ವಿಶ್ಲೇಷಣೆ, ಸಂಗೀತ ಚರಿತ್ರೆ, ಪ್ರತಿ ವಾದ್ಯದ ಸಾಧ್ಯತೆ ಮತ್ತು ಮಿತಿ. ಕಹಳೆಯವರು ಎಲ್ಲಿ ಉಸಿರು ತೆಗೆದುಕೊಳ್ಳಬೇಕಾಗುತ್ತದೆ ಎಂಬುದು ಗೊತ್ತಿಲ್ಲದವರು ಅವರಿಂದ ಉದ್ದನೆಯ ಸಾಲು ಕೇಳಬಾರದು.

ಕಿವಿಯ ತರಬೇತಿ ಇನ್ನೂ ಕಠಿಣ. ಪೂರ್ವಾಭ್ಯಾಸದಲ್ಲಿ ಏನೋ ತಪ್ಪಾಯಿತು ಎಂದು ಎಲ್ಲರಿಗೂ ತಿಳಿಯುತ್ತದೆ. ಎರಡನೇ ಒಬೋದವರು ಒಂದು ಸ್ವರ ಕೆಳಗೆ ನುಡಿಸಿದರು ಎಂದು ಹೇಳಬಲ್ಲವರು ಕಂಡಕ್ಟರ್. ಇದಕ್ಕಾಗಿ ಕೆಲವು ಶಿಕ್ಷಕರು ವಾದಕರಿಗೆ ಗುಟ್ಟಾಗಿ ಹೇಳಿ ಬೇಕೆಂದೇ ತಪ್ಪಾಗಿ ನುಡಿಸುವಂತೆ ಮಾಡುತ್ತಾರೆ. ಅದನ್ನು ಹುಡುಕುವುದು ವಿದ್ಯಾರ್ಥಿಯ ಕೆಲಸ.

ಕಾಯರ್ ನಡೆಸುವವರ ಓದು ಇದೇ ಬುನಾದಿಯ ಮೇಲೆ ನಿಂತರೂ ಬೇರೆ ದಿಕ್ಕಿಗೆ ತಿರುಗುತ್ತದೆ. ಇಲ್ಲಿ ವಾದ್ಯ ಹಾಡುವವರ ದೇಹವೇ. ಕಂಡಕ್ಟರ್ ಭುಜ ಬಿಗಿಹಿಡಿದು ನಿಂತರೆ ಎದುರಿಗಿರುವವರ ಗಂಟಲೂ ತಮಗರಿವಿಲ್ಲದೆಯೇ ಬಿಗಿಯುತ್ತದೆ. ಸದ್ದು ಕೂಡಲೇ ಒಣಗುತ್ತದೆ. ಆದ್ದರಿಂದ ಕಂಠಶಾಸ್ತ್ರ, ಉಸಿರಾಟ, ಗಂಟಲು ಸಡಿಲಿಸುವ ವ್ಯಾಯಾಮಗಳು ಕಡ್ಡಾಯ. ನಾಲ್ಕು ಧ್ವನಿಗಳಲ್ಲಿ, ಅಂದರೆ ಹೆಂಗಸರ ಸೊಪ್ರಾನೋ ಮತ್ತು ಆಲ್ಟೊ, ಗಂಡಸರ ಟೆನರ್ ಮತ್ತು ಬಾಸ್‌ಗಳಲ್ಲಿ, ಹಾಡುವ ನಲವತ್ತು ಮಂದಿ ಒಂದೇ ‘ಆ’ಕಾರವನ್ನು ನಲವತ್ತು ಬಗೆಯಲ್ಲಿ ಉಚ್ಚರಿಸಿದರೆ ಶ್ರುತಿ ಸರಿಯಿದ್ದರೂ ಕೂಡಿದಂತೆ ಕೇಳುವುದಿಲ್ಲ. ಸ್ವರಾಕ್ಷರಗಳನ್ನು ಒಂದು ಮಾಡಿದ ಕೂಡಲೇ ಅದೇ ಜನ ಒಂದೇ ದನಿಯಾಗುತ್ತಾರೆ. ಲ್ಯಾಟಿನ್, ಜರ್ಮನ್, ಇಟಾಲಿಯನ್, ಫ್ರೆಂಚ್ ಸಾಹಿತ್ಯ ಹಾಡಿಸಬೇಕಾಗುವುದರಿಂದ ಉಚ್ಚಾರಣೆಯ ಪಾಠಗಳೂ ಇರುತ್ತವೆ. ಒಬ್ಬರ ಉಸಿರಿಗೆ ನಿಲುಕದ ಸಾಲು ಬಂದಾಗ ಅಕ್ಕಪಕ್ಕದವರು ಬೇರೆಬೇರೆ ಕ್ಷಣಗಳಲ್ಲಿ ಉಸಿರೆಳೆದು ನಾದವನ್ನು ಕಡಿಯದಂತೆ ನೋಡಿಕೊಳ್ಳಲು ಕಲಿಸಬೇಕು. ಕಾಯರ್ ಮುಂದೆ ನಿಲ್ಲುವವರಲ್ಲಿ ಅನೇಕರು ಕೋಲು ಹಿಡಿಯುವುದಿಲ್ಲ; ಬರಿಗೈ ಸಾಲಿನ ನಯವನ್ನು ಚೆನ್ನಾಗಿ ತೋರಿಸುತ್ತದೆ. ಅಮೆರಿಕದ ವೆಸ್ಟ್‌ಮಿನ್‌ಸ್ಟರ್ ಕಾಯರ್ ಕಾಲೇಜು 1926ರಿಂದ ಕಾಯರ್ ನಡೆಸುವುದನ್ನೇ ಮುಖ್ಯ ವಿಷಯವಾಗಿ ಕಲಿಸಿತು. ಕೇಂಬ್ರಿಜ್‌ನಲ್ಲಿ ಕಾಲೇಜು ಚರ್ಚುಗಳ ಆರ್ಗನ್ ವಿದ್ಯಾರ್ಥಿವೇತನ ಪಡೆದವರು ಬೇರೆ ವಿಷಯದ ತರಗತಿಗಳ ಜೊತೆಜೊತೆಗೆ ಆರಾಧನೆಯ ಹಾಡುಗಾರರನ್ನು ಪಳಗಿಸುತ್ತಲೇ ಕಂಡಕ್ಟರ್ ಆಗಿ ಬೆಳೆಯುತ್ತಾರೆ.

ಆರಂಭದಲ್ಲಿ ಹೇಳಿದ, ಮನುಷ್ಯರೇ ವಾದ್ಯವಾಗಿರುವ ಸಮಸ್ಯೆಯನ್ನು ಒಂದೊಂದು ಊರು ಒಂದೊಂದು ರೀತಿಯಲ್ಲಿ ಬಿಡಿಸಿಕೊಂಡಿದೆ. ರಷ್ಯಾದ ಸಂಗೀತ ಶಾಲೆಗಳಲ್ಲಿ ಇಬ್ಬರು ಪಿಯಾನೋ ವಾದಕರು ಇಡೀ ಆರ್ಕೆಸ್ಟ್ರಾದ ಭಾಗವನ್ನು ನುಡಿಸುತ್ತಾರೆ, ವಿದ್ಯಾರ್ಥಿ ಅವರನ್ನು ನಡೆಸುತ್ತಾರೆ. ಲೆನಿನ್‌ಗ್ರಾಡ್‌ನಲ್ಲಿ ದಶಕಗಳ ಕಾಲ ಕಲಿಸಿದ ಇಲ್ಯಾ ಮೂಸಿನ್ ಕೈಯ ಪ್ರತಿ ಚಲನೆಗೂ ಅರ್ಥವಿರಬೇಕೆಂದು ಒತ್ತಾಯಿಸಿದರು. ಯೂರಿ ತೆಮಿರ್ಕಾನೋವ್, ವಲೇರಿ ಗೆರ್ಗಿಯೆವ್, ಸೆಮ್ಯಾನ್ ಬಿಚ್‌ಕೋವ್ ಅವರ ಶಿಷ್ಯರು. ವಿಯೆನ್ನಾದಲ್ಲಿ ಹಾನ್ಸ್ ಸ್ವರೋವ್‌ಸ್ಕಿ ಕೈಗಿಂತ ಸ್ಕೋರ್‌ನ ರಚನೆಗೆ ಹೆಚ್ಚು ಮಹತ್ವ ಕೊಟ್ಟರು. ಮುಂಬಯಿಯ ಜುಬಿನ್ ಮೆಹ್ತಾ 1954ರಲ್ಲಿ, ಹದಿನೆಂಟರ ಹರೆಯದಲ್ಲಿ, ಅವರ ಬಳಿ ಕಲಿಯಲು ಹೋದರು. ದೊಡ್ಡ ಕಂಡಕ್ಟರುಗಳ ಪೂರ್ವಾಭ್ಯಾಸ ನೋಡಲು ಹೊರಗಿನವರಿಗೆ ಬಿಡುವುದಿಲ್ಲವೆಂದು ತಿಳಿದಾಗ ಮೆಹ್ತಾ ಮತ್ತು ಸಹಪಾಠಿ ಕ್ಲಾಡಿಯೊ ಅಬಾಡೊ ಕಾಯರ್‌ಗೆ ಬಾಸ್ ಹಾಡುಗಾರರಾಗಿ ಸೇರಿಕೊಂಡು, ಒಳಗಿನವರಾಗಿಯೇ ಬ್ರೂನೊ ವಾಲ್ಟರ್, ಕರಾಯಾನ್ ಮುಂತಾದವರ ಕೆಲಸ ನೋಡಿದರು. ಕಂಡಕ್ಟಿಂಗ್ ಕಲಿಯುವವರು ಇನ್ನೊಬ್ಬರ ಕೈಕೆಳಗೆ ಹಾಡಿ, ನುಡಿಸಿ ಅನುಭವ ಪಡೆಯಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಹೆಲ್ಸಿಂಕಿಯ ಸಿಬೆಲಿಯಸ್ ಅಕಾಡೆಮಿ ಕಂಡುಕೊಂಡ ಪರಿಹಾರ ಎಲ್ಲಕ್ಕಿಂತ ನೇರವಾದದ್ದು: ತರಗತಿಗೇ ಒಂದು ಆರ್ಕೆಸ್ಟ್ರಾ. ಅಲ್ಲಿ 1973ರಿಂದ ಸುಮಾರು ಎರಡು ದಶಕ ಪ್ರಾಧ್ಯಾಪಕರಾಗಿದ್ದ ಯೊರ್ಮಾ ಪಾನುಲಾ, ವಿದ್ಯಾರ್ಥಿಗಳೇ ನುಡಿಸುವ ಸಣ್ಣ ಮೇಳವನ್ನು ಪಾಠದ ಭಾಗವಾಗಿಸಿದರು. ಪ್ರತಿಯೊಬ್ಬರೂ ಸರದಿಯಂತೆ ಮುಂದೆ ನಿಲ್ಲುತ್ತಾರೆ, ಕ್ಯಾಮೆರಾ ಅದನ್ನು ಚಿತ್ರೀಕರಿಸುತ್ತದೆ, ಆಮೇಲೆ ಎಲ್ಲರೂ ಕೂತು ನೋಡುತ್ತಾರೆ. ಗುರು ಹೆಚ್ಚು ಮಾತಾಡುವುದಿಲ್ಲ. ಮಂಡಿ ಕುಣಿಯುವುದು, ತಲೆ ಸ್ಕೋರ್‌ನಲ್ಲೇ ಹೂತಿರುವುದು ತೆರೆಯ ಮೇಲೆ ತಾನಾಗಿಯೇ ಕಾಣುತ್ತದೆ. ಸುಮಾರು 55 ಲಕ್ಷ ಜನರ ಫಿನ್‌ಲ್ಯಾಂಡ್‌ನಿಂದ ಎಸಾ-ಪೆಕ್ಕಾ ಸಲೋನೆನ್, ಯುಕ್ಕಾ-ಪೆಕ್ಕಾ ಸರಾಸ್ತೆ, ಓಸ್ಮೊ ವಾನ್‌ಸ್ಕಾ, ಸಕಾರಿ ಓರಾಮೊ, ಸುಸಾನ್ನಾ ಮಾಲ್ಕಿ ಬಂದದ್ದು ಹೀಗೆ. ಇವರೆಲ್ಲ ಮೊದಲು ಹಾರ್ನ್, ಪಿಟೀಲು, ಕ್ಲಾರಿನೆಟ್, ಚೆಲ್ಲೊಗಳಲ್ಲಿ ನುರಿತವರು ಎಂಬುದನ್ನು ಮರೆಯಬಾರದು.

ಅಮೆರಿಕದಲ್ಲಿ ಕಂಡಕ್ಟಿಂಗ್ ಕಲಿಕೆ ಹರಡಿದ್ದಕ್ಕೆ ಕಾರಣ ಬೇರೆ. ಅಲ್ಲಿನ ಹೈಸ್ಕೂಲುಗಳಲ್ಲಿ ಬ್ಯಾಂಡ್, ಕಾಯರ್, ಆರ್ಕೆಸ್ಟ್ರಾಗಳು ಪಠ್ಯದ ಭಾಗ. ಸಂಗೀತ ಶಿಕ್ಷಕರಾಗುವವರು ಮಕ್ಕಳ ಮೇಳ ನಡೆಸಲೇಬೇಕು. ಆದ್ದರಿಂದ ಸಂಗೀತ ಶಿಕ್ಷಣದ ಪದವಿಯಲ್ಲಿ ಕಂಡಕ್ಟಿಂಗ್ ಎಲ್ಲರಿಗೂ ಕಡ್ಡಾಯ. ಗಾಳಿವಾದ್ಯಗಳ ಮೇಳಕ್ಕೂ ಅಲ್ಲಿ ದೊಡ್ಡ ಸ್ಥಾನವಿದೆ: ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ಫ್ರೆಡ್ರಿಕ್ ಫೆನ್ನೆಲ್ 1952ರಲ್ಲಿ ಒಂದು ಸಾಲಿಗೆ ಒಬ್ಬರೇ ವಾದಕರು ಎಂಬ ತತ್ವದ ಮೇಲೆ ಕಟ್ಟಿದ ವಿಂಡ್ ಎನ್‌ಸೆಂಬಲ್ ಅನೇಕ ವಿಶ್ವವಿದ್ಯಾಲಯಗಳಿಗೆ ಮಾದರಿಯಾಯಿತು. ಸ್ನಾತಕೋತ್ತರ ತರಗತಿಗೆ ಸೇರುವುದು ಮಾತ್ರ ಸುಲಭವಲ್ಲ. ಮೊದಲು ವಿಡಿಯೊ ಕಳಿಸಬೇಕು. ಆಯ್ಕೆಯಾದವರು ಬಂದು ನಿಜವಾದ ಮೇಳದ ಮುಂದೆ ಕೆಲವೇ ನಿಮಿಷ ಪೂರ್ವಾಭ್ಯಾಸ ನಡೆಸಿ ತೋರಿಸಬೇಕು. ಒಂದು ವರ್ಷಕ್ಕೆ ತೆಗೆದುಕೊಳ್ಳುವುದು ಬೆರಳೆಣಿಕೆಯಷ್ಟು ಮಂದಿಯನ್ನು, ಏಕೆಂದರೆ ಹಂಚಿಕೊಡಲು ಇರುವ ಮೇಳದ ಸಮಯವೇ ಕಡಿಮೆ.

ಆ ಕೆಲವು ನಿಮಿಷಗಳಲ್ಲಿ ಪರೀಕ್ಷಕರು ನೋಡುವುದು ಕೈಯನ್ನಷ್ಟೇ ಅಲ್ಲ. ನಿಲ್ಲಿಸಿದ ಮೇಲೆ ಅಭ್ಯರ್ಥಿ ಏನು ಹೇಳುತ್ತಾರೆ ಎಂಬುದು ಮುಖ್ಯ. ಯಾರು, ಎಲ್ಲಿಂದ, ಏನು ಬದಲಾಗಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ತಿಳಿಸಿ ಮತ್ತೆ ಆರಂಭಿಸುವವರು ಗೆಲ್ಲುತ್ತಾರೆ. ನಿಲ್ಲಿಸಿ ಕತೆ ಹೇಳುವವರ ಮುಂದೆ ವಾದಕರ ಗಮನ ಚದುರುತ್ತದೆ. ತಪ್ಪನ್ನು ಹೇಳುವಾಗ ಮನುಷ್ಯರನ್ನು ನೋಯಿಸದಿರುವುದೂ ಈ ವಿದ್ಯೆಯ ತಿರುಳು. ಅವಮಾನಗೊಂಡ ವಾದಕರಿಂದ ಒಳ್ಳೆಯ ನಾದ ಬರುವುದಿಲ್ಲ.

ಹೆಂಗಸರಿಗೆ ಈ ಬಾಗಿಲು ಬಹಳ ಕಾಲ ಮುಚ್ಚಿತ್ತು. ಬರ್ಲಿನ್ನಿನಲ್ಲಿ ಕಂಡಕ್ಟಿಂಗ್ ಓದಿದ ಆಂಟೊನಿಯಾ ಬ್ರಿಕೊ 1930ರಲ್ಲಿ ಬರ್ಲಿನ್ ಫಿಲ್‌ಹಾರ್ಮೊನಿಕ್ ನಡೆಸಿದರೂ ಖಾಯಂ ಹುದ್ದೆಗಾಗಿ ಜೀವನವಿಡೀ ಪರದಾಡಿದರು. ಅಮೆರಿಕದ ಪ್ರಮುಖ ಆರ್ಕೆಸ್ಟ್ರಾವೊಂದಕ್ಕೆ ಮಹಿಳೆಯೊಬ್ಬರು ಮುಖ್ಯಸ್ಥೆಯಾದದ್ದು 2007ರಲ್ಲಿ, ಮರಿನ್ ಆಲ್ಸಪ್ ಬಾಲ್ಟಿಮೋರ್‌ಗೆ ಬಂದಾಗ. ಇಂದು ತರಗತಿಗಳಲ್ಲಿ ಹುಡುಗಿಯರು ಸಾಕಷ್ಟಿದ್ದಾರೆ. ದೊಡ್ಡ ಹುದ್ದೆಗಳಲ್ಲಿ ಸಮಪಾಲು ಇನ್ನೂ ಬಂದಿಲ್ಲ.

ಭಾರತದಲ್ಲಿ ಸೇನೆಯ ಬ್ಯಾಂಡ್‌ಮಾಸ್ಟರುಗಳಿಗೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ ಈ ಶಿಸ್ತಿನ ತರಬೇತಿ ನಡೆಯುತ್ತದೆ. ಮುಂಬಯಿಯಲ್ಲಿ 2006ರಲ್ಲಿ ಸಿಂಫೊನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಹುಟ್ಟಿತು. ಆಕಾಶವಾಣಿಯ ವಾದ್ಯವೃಂದ 1952ರಷ್ಟು ಹಿಂದೆಯೇ ಪಂಡಿತ್ ರವಿಶಂಕರ್, ಟಿ. ಕೆ. ಜಯರಾಮ ಅಯ್ಯರ್ ಅವರ ನೇತೃತ್ವದಲ್ಲಿ ಭಾರತೀಯ ವಾದ್ಯಗಳನ್ನು ಮೇಳವಾಗಿ ಕೂಡಿಸಿತ್ತು. ಮೈಸೂರಿಗಂತೂ ಪಾಶ್ಚಾತ್ಯ ಸಂಗೀತ ಹೊಸದಲ್ಲ. ಅರಮನೆಯಲ್ಲಿ ಕರ್ನಾಟಕ ವಾದ್ಯಗಳ ಮೇಳದ ಜೊತೆಗೇ ಪಾಶ್ಚಾತ್ಯ ಬ್ಯಾಂಡೂ ಇತ್ತು. ಆ ಪರಂಪರೆಯ ಪೊಲೀಸ್ ಬ್ಯಾಂಡ್ ದಸರೆಯಲ್ಲಿ ಇಂದಿಗೂ ನುಡಿಸುತ್ತದೆ. ಸ್ವತಃ ಪಿಯಾನೋ ಕಲಿತಿದ್ದ ಮಹಾರಾಜ ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೊನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದರು. ಮಂಗಳೂರು, ಬೆಂಗಳೂರುಗಳ ಚರ್ಚುಗಳಲ್ಲಿ ನಾಲ್ಕು ಧ್ವನಿಯ ಹಾಡುಗಾರಿಕೆಯನ್ನು ನಡೆಸುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ಹಿರಿಯರನ್ನು ನೋಡಿ ಕಲಿತವರು.

ಪದವಿ ಮುಗಿಸಿದವರಲ್ಲಿ ಬಹಳ ಮಂದಿ ಶಾಲಾ ಶಿಕ್ಷಕರೋ ಚರ್ಚಿನ ಸಂಗೀತದ ಹೊಣೆ ಹೊತ್ತವರೋ ಆಗುತ್ತಾರೆ. ಕೆಲವರು ಆರ್ಕೆಸ್ಟ್ರಾಗಳಲ್ಲಿ ಸಹಾಯಕರಾಗಿ ಸೇರಿ, ಮುಖ್ಯ ಕಂಡಕ್ಟರ್ ಕಾಯಿಲೆ ಬಿದ್ದ ಸಂಜೆ ಸಿದ್ಧರಿರಬೇಕೆಂದು ಪ್ರತಿ ಕೃತಿಯನ್ನೂ ಓದಿಟ್ಟುಕೊಳ್ಳುತ್ತಾರೆ. ಇನ್ನು ಕೆಲವರಿಗೆ ಸ್ಪರ್ಧೆಗಳು ದಾರಿ: ಫ್ರಾನ್ಸಿನ ಬೆಸಾನ್ಸಾನ್‌ನಲ್ಲಿ 1959ರಲ್ಲಿ ಗೆದ್ದ ಸೇಜಿ ಒಜಾವಾ ಮುಂದೆ ಬಾಸ್ಟನ್ ಸಿಂಫೊನಿಯನ್ನು ಮೂರು ದಶಕಗಳ ಹತ್ತಿರ ನಡೆಸಿದರು. ಯಾವ ದಾರಿ ಹಿಡಿಯುವವರಾದರೂ, ವಿದ್ಯಾರ್ಥಿಯಾಗಿದ್ದಾಗಲೇ ಸ್ವಂತ ಮೇಳ ಕಟ್ಟಿಕೊಳ್ಳಬೇಕೆಂದು ಶಿಕ್ಷಕರು ಎಲ್ಲರಿಗೂ ಹೇಳುತ್ತಾರೆ: ಗೆಳೆಯರಲ್ಲಿ ಹತ್ತು ಹನ್ನೆರಡು ಮಂದಿಯನ್ನು ಸೇರಿಸಿ, ಕೋಣೆ ಹುಡುಕಿ, ಸ್ವರಲಿಪಿಯ ಪ್ರತಿ ಮಾಡಿಸಿ, ಕುರ್ಚಿ ಹಾಕಿ ಅಭ್ಯಾಸ ಮಾಡುವುದು.